ಗೇವ್ರಾ ಗಣಿಗೆ ಏಳು ಕೋಟಿ ಟನ್: ಷರತ್ತು ಓದುವ ಮೊದಲು ಅಂಕಿ ಓದಿ

ಛತ್ತೀಸಗಡದ ಕೊರ್ಬಾ ಜಿಲ್ಲೆಯ ಗೇವ್ರಾ ಕಲ್ಲಿದ್ದಲು ಗಣಿ ಹತ್ತಿರ ಹತ್ತಿರ ಹತ್ತು ಕಿಲೋಮೀಟರ್ ಉದ್ದ, ನಾಲ್ಕು ಕಿಲೋಮೀಟರ್ ಅಗಲ ಇದೆ. ಇಲ್ಲಿ ಸುರಂಗ ಇಲ್ಲ. ಮೇಲಿನ ಮಣ್ಣು, ಕಲ್ಲು ಎಲ್ಲ ತೆಗೆದುಹಾಕಿ, ಬಯಲಲ್ಲೇ ಕಲ್ಲಿದ್ದಲು ಅಗೆಯುತ್ತಾರೆ. ಇದನ್ನೇ ಓಪನ್‌ಕಾಸ್ಟ್ ಗಣಿ ಅನ್ನುವುದು. 1981ರಿಂದ ಅಗೆತ ನಡೆದಿದೆ. ನಡೆಸುವುದು ಕೋಲ್ ಇಂಡಿಯಾದ ಅಂಗಸಂಸ್ಥೆ ಸೌತ್ ಈಸ್ಟರ್ನ್ ಕೋಲ್‌ಫೀಲ್ಡ್ಸ್. 2024ರ ಮಾರ್ಚಿನಲ್ಲಿ ಈ ಗಣಿಗೆ ವರ್ಷಕ್ಕೆ 7 ಕೋಟಿ ಟನ್ ತೆಗೆಯಲು ಕೇಂದ್ರ ಪರಿಸರ ಸಚಿವಾಲಯದ ಅನುಮತಿ ಸಿಕ್ಕಿತು. ಅದಕ್ಕೆ ಮುಂಚೆ ಇದ್ದದ್ದು 5.25 ಕೋಟಿ ಟನ್. ‘ಏಷ್ಯಾದ ಅತಿ ದೊಡ್ಡ ಕಲ್ಲಿದ್ದಲು ಗಣಿ ಆಗಲಿದೆ’ ಅಂತ ಸುದ್ದಿಯಾಯಿತು.

ಇಂಥ ಅನುಮತಿ ಪತ್ರದ ಜೊತೆ ಷರತ್ತುಗಳ ಉದ್ದ ಪಟ್ಟಿ ಬರುತ್ತದೆ. ರಸ್ತೆಗೆ ನೀರು ಹಾಕಿ, ಲಾರಿಗೆ ಟಾರ್ಪಾಲು ಹೊದಿಸಿ, ಗಿಡ ನೆಡಿ, ಬಾವಿಗಳ ನೀರಿನ ಮಟ್ಟ ಅಳೆಯಿರಿ, ತೆಗೆದ ಮಣ್ಣನ್ನು ಗುಂಡಿಗೇ ತುಂಬಿ, ಹೀಗೆ. ಚರ್ಚೆ ಶುರುವಾಗುವುದು ಸಾಮಾನ್ಯವಾಗಿ ಇಲ್ಲಿಂದ. ಪಾಲಿಸುತ್ತಾರಾ, ಇಲ್ಲವಾ? ಒಳ್ಳೆಯ ಪ್ರಶ್ನೆಯೇ. ಆದರೆ ಅದಕ್ಕಿಂತ ಮುಂಚೆ ಕೇಳಬೇಕಾದ್ದು ಒಂದಿದೆ. ಷರತ್ತು ಹಾಕುವ ಹೊತ್ತಿಗೆ ಟನ್ ಎಷ್ಟು ಅನ್ನುವ ಅಂಕಿ ಹೆಚ್ಚುಕಡಿಮೆ ನಿಗದಿಯಾಗಿರುತ್ತದೆ. ಆ ಅಂಕಿ ಬಂದದ್ದು ಎಲ್ಲಿಂದ?

ಗೇವ್ರಾದ ಅಂಕಿಗಳನ್ನು ಸಾಲಾಗಿ ಇಟ್ಟು ನೋಡಿ. 3.5 ಕೋಟಿ ಟನ್. ಆಮೇಲೆ 4.1, 4.5, 4.9, 5.25. ಈಗ 7. ಮೊದಲ ಅಂಕಿಗೆ ಶೇ 40 ಸೇರಿಸಿದರೆ ಸರಿಯಾಗಿ 4.9 ಬರುತ್ತದೆ. ಶೇ 50 ಸೇರಿಸಿದರೆ 5.25. ಇದು ಭೂಗರ್ಭಶಾಸ್ತ್ರದ ಲೆಕ್ಕ ಅಲ್ಲ, ನಿಯಮದ ಲೆಕ್ಕ.

ಹೇಗೆ ಅಂದರೆ, 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯ ಪ್ರಕಾರ ದೊಡ್ಡ ಗಣಿಗಳಿಗೆ ದಿಲ್ಲಿಯ ತಜ್ಞರ ಮೌಲ್ಯಮಾಪನ ಸಮಿತಿಯ ಶಿಫಾರಸು ಬೇಕು, ಊರಿನಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಹಳೇ ಗಣಿಯ ವಿಸ್ತರಣೆಗೆ ಎಷ್ಟರ ಮಟ್ಟಿಗೆ ಪರಿಶೀಲನೆ ಬೇಕು ಅನ್ನುವುದನ್ನು ಸಮಿತಿಯ ವಿವೇಚನೆಗೆ ಬಿಟ್ಟಿದೆ. ಈ ಜಾಗದಲ್ಲಿ ಕಲ್ಲಿದ್ದಲು ವಲಯಕ್ಕೆ ಅಂತಲೇ ಒಂದರ ಹಿಂದೆ ಒಂದು ಕಚೇರಿ ಆದೇಶ ಬಂದವು. 2017ರ ಸೆಪ್ಟೆಂಬರಿನ ಆದೇಶ ಹಂತ ಹಂತವಾಗಿ ಶೇ 40ರವರೆಗೆ ಅಹವಾಲು ಸಭೆ ಇಲ್ಲದೆ ವಿಸ್ತರಿಸಲು ದಾರಿ ಮಾಡಿತು. 2022ರ ಬೇಸಿಗೆ ನೆನಪಿದೆಯಲ್ಲ, ವಿದ್ಯುತ್ ಬೇಡಿಕೆ ಏರಿ ಉಷ್ಣ ಸ್ಥಾವರಗಳ ಅಂಗಳದಲ್ಲಿ ಕಲ್ಲಿದ್ದಲು ಖಾಲಿಯಾಗುತ್ತಾ ಬಂದಿತ್ತು. ಕಲ್ಲಿದ್ದಲು ಸಚಿವಾಲಯ ಕೇಳಿತು, ಪರಿಸರ ಸಚಿವಾಲಯ ಒಪ್ಪಿತು. ಆ ಮೇ ತಿಂಗಳಲ್ಲಿ ಹೊರಟ ವಿಶೇಷ ವಿನಾಯಿತಿಯಲ್ಲಿ ಶೇ 40 ಇದ್ದದ್ದು ಶೇ 50 ಆಯಿತು. ಹೊಸದಾಗಿ ಪರಿಸರ ವರದಿ ಬೇಡ, ಜನರ ಸಭೆಯೂ ಬೇಡ. ವಿನಾಯಿತಿಯ ಅವಧಿ ಆರು ತಿಂಗಳು.

ಬೆಂಗಳೂರಿನಲ್ಲಿ ಎರಡು ಮಹಡಿಗೆ ಪ್ಲಾನ್ ಮಂಜೂರು ಮಾಡಿಸಿಕೊಂಡು ಆಮೇಲೆ ಒಂದೊಂದೇ ಮಹಡಿ ಏರಿಸುತ್ತಾ ಹೋಗುತ್ತಾರಲ್ಲ, ಆ ಥರ. ವ್ಯತ್ಯಾಸ ಅಂದರೆ ಇಲ್ಲಿ ಪ್ರತಿ ಮಹಡಿಯೂ ಕಾನೂನಿನೊಳಗೇ ಇದೆ. ಒಂದೊಂದು ಹೆಜ್ಜೆಯೂ ಚಿಕ್ಕದು. 4.5ರಿಂದ 4.9 ಅಂದರೆ ಏನು ಮಹಾ ಅನ್ನಿಸುತ್ತದೆ. ಸಮಿತಿಯ ಮುಂದೆ ಬರುವುದು ಆ 40 ಲಕ್ಷ ಟನ್ನಿನ ವ್ಯತ್ಯಾಸ ಮಾತ್ರ. 3.5ರಿಂದ 5.25ಕ್ಕೆ ಹೋದರೆ ಅಲ್ಲಿನ ಗಾಳಿ, ನೀರು, ರಸ್ತೆ ಏನಾಗುತ್ತದೆ ಅಂತ ಒಟ್ಟಿಗೆ ಕೇಳುವ ಸಂದರ್ಭವೇ ಆ ಹೆಜ್ಜೆಗಳಲ್ಲಿ ಬರುವುದಿಲ್ಲ.

ಇನ್ನೊಂದು ವಿಷಯ ಗಮನಿಸಿ. 4.5, 4.9, 5.25 ಈ ಮೂರೂ ಹಂತಗಳಲ್ಲಿ ಗಣಿಯ ಗುತ್ತಿಗೆ ಪ್ರದೇಶ ಅಷ್ಟೇ ಇತ್ತು. ಸುಮಾರು 4,184 ಹೆಕ್ಟೇರ್. ಹೊಸ ಭೂಮಿ ಬೇಡ, ಹಾಗಾಗಿ ಹೊಸ ಸಭೆ ಬೇಡ ಅನ್ನುವುದು ವಾದ. ಕಾಗದದ ಮೇಲೆ ಸರಿಯಾಗಿಯೇ ಕಾಣುತ್ತದೆ. ಆದರೆ ಅದೇ ಭೂಮಿಯಲ್ಲಿ ಜಾಸ್ತಿ ಅಗೆದರೆ ಜಾಸ್ತಿ ಸ್ಫೋಟ, ಜಾಸ್ತಿ ಡಂಪರ್, ಜಾಸ್ತಿ ರೈಲು. ಬೇಲಿ ಇದ್ದಲ್ಲೇ ಇದ್ದರೂ ದೂಳು ಬೇಲಿಯ ಒಳಗೇ ನಿಲ್ಲುವುದಿಲ್ಲ ಅಲ್ವಾ? 7 ಕೋಟಿ ಟನ್ನಿನ ಪ್ರಸ್ತಾವದಲ್ಲಿ ಮಾತ್ರ ಪ್ರದೇಶವೂ ಸುಮಾರು 4,781 ಹೆಕ್ಟೇರಿಗೆ ಏರಿತು. ಶೇ 50ರ ಗೆರೆಯೂ ದಾಟಿತು. ಹಾಗಾಗಿ ಊರವರನ್ನು ಕೂಡಿಸಿ ಕೇಳಲೇಬೇಕಾಯಿತು.

ಈ ಸಭೆಯ ಬಗ್ಗೆಯೂ ಒಂದು ಮಾತು. ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ಏರ್ಪಾಡು ಮಾಡುತ್ತದೆ. ಜಿಲ್ಲಾಧಿಕಾರಿ ಅಥವಾ ಅವರ ಕಡೆಯ ಹಿರಿಯ ಅಧಿಕಾರಿ ಅಧ್ಯಕ್ಷತೆ ವಹಿಸುತ್ತಾರೆ. ಕನಿಷ್ಠ 30 ದಿನ ಮುಂಚೆ ನೋಟಿಸು ಕೊಡಬೇಕು. ಇಷ್ಟೇ ಜನ ಬರಬೇಕು ಅನ್ನುವ ಕೋರಂ ಇಲ್ಲ. ಮತದಾನ ಇಲ್ಲ. ಜನ ಹೇಳಿದ್ದನ್ನು ಬರೆದುಕೊಂಡು ದಿಲ್ಲಿಗೆ ಕಳಿಸುತ್ತಾರೆ. ಕೊರ್ಬಾದಂಥ ಕಡೆ ಜನ ಅಲ್ಲಿ ಎತ್ತುವುದು ಹೆಚ್ಚಾಗಿ ಉದ್ಯೋಗ ಮತ್ತು ಪುನರ್ವಸತಿಯ ಮಾತು. ಕೋಲ್ ಇಂಡಿಯಾದ 2012ರ ನೀತಿಯಲ್ಲಿ ಎರಡು ಎಕರೆಗೆ ಒಂದು ಉದ್ಯೋಗ. ಅರ್ಧ ಎಕರೆ, ಮುಕ್ಕಾಲು ಎಕರೆ ಇದ್ದವರ ಗತಿ ಏನು? ದಶಕಗಳ ಹಿಂದೆ ಭೂಮಿ ಕೊಟ್ಟವರ ಮೊಮ್ಮಕ್ಕಳಿಗೆ ಏನು? ಗೇವ್ರಾ, ಪಕ್ಕದ ಕುಸ್ಮುಂಡಾ ಗಣಿಗಳ ಸುತ್ತಲಿನ ಹಳ್ಳಿಗಳಲ್ಲಿ ಧರಣಿ, ಗಣಿ ಬಂದ್ ಆಗಾಗ ನಡೆಯುತ್ತಲೇ ಇರುವುದು ಇದೇ ಕಾರಣಕ್ಕೆ. ದೂಳಿನ ವಿಷಯ ಸಭೆಯಲ್ಲಿ ಎರಡನೇ ಸಾಲಿಗೆ ಹೋಗುತ್ತದೆ. ಬೇಸರದ ಸಂಗತಿ, ಆದರೆ ಅರ್ಥವಾಗದ ಸಂಗತಿ ಏನಲ್ಲ.

ಈಗ ಷರತ್ತುಗಳಿಗೆ ಬರೋಣ. ದೂಳಿನದ್ದನ್ನೇ ಹತ್ತಿರದಿಂದ ನೋಡೋಣ.

ವರ್ಷಕ್ಕೆ 7 ಕೋಟಿ ಟನ್ ಅಂದರೆ ದಿನಕ್ಕೆ ಸುಮಾರು 1.9 ಲಕ್ಷ ಟನ್. ಒಂದು ಗೂಡ್ಸ್ ರೈಲು ನಾಲ್ಕು ಸಾವಿರ ಟನ್ ಒಯ್ಯುತ್ತದೆ ಅಂದುಕೊಂಡರೂ ದಿನಕ್ಕೆ ಐವತ್ತು ರೈಲಿನಷ್ಟು. ಗಣಿಯೊಳಗೆ ಓಡುವುದು 240 ಟನ್ ಹೊರುವ ಡಂಪರ್‌ಗಳು. ಅವು ಓಡುವ ದಾರಿ ಡಾಂಬರಿನದ್ದಲ್ಲ, ಪುಡಿಯಾದ ಕಲ್ಲು ಮಣ್ಣಿನದು. ಚಕ್ರದ ಕೆಳಗೆ ಅದು ಮತ್ತೆ ಮತ್ತೆ ಅರೆದು ಹಿಟ್ಟಾಗುತ್ತದೆ. ಷರತ್ತು ಹೇಳುವುದು: ನೀರಿನ ಟ್ಯಾಂಕರ್ ಓಡಿಸಿ, ಮಂಜಿನಂತೆ ನೀರು ಎರಚುವ ಯಂತ್ರ ಇಡಿ, ಕಲ್ಲಿದ್ದಲನ್ನು ಆದಷ್ಟು ಮುಚ್ಚಿದ ಕನ್ವೇಯರ್ ಬೆಲ್ಟಿನಲ್ಲಿ ಸೈಲೋಗೆ (ಕಲ್ಲಿದ್ದಲು ತುಂಬಿಡುವ ಎತ್ತರದ ಮುಚ್ಚಿದ ಕಣಜ) ಒಯ್ದು ಅಲ್ಲಿಂದ ನೇರ ರೈಲಿಗೆ ತುಂಬಿ. ಇದರಲ್ಲಿ ಕನ್ವೇಯರ್, ಸೈಲೋ ನಿಜವಾದ ಪರಿಹಾರ. ಒಮ್ಮೆ ಕಟ್ಟಿದರೆ ಅದು ಅಲ್ಲೇ ಇರುತ್ತದೆ, ಕಣ್ಣಿಗೆ ಕಾಣುತ್ತದೆ, ಎಷ್ಟು ಟನ್ ಹೋಯಿತು ಅಂತ ಅಳೆಯಬಹುದು. ನೀರಿನ ಟ್ಯಾಂಕರ್ ಹಾಗಲ್ಲ. ಮೇ ತಿಂಗಳ ಮಧ್ಯಾಹ್ನ ಹಾಕಿದ ನೀರು ಸ್ವಲ್ಪ ಹೊತ್ತಿಗೇ ಆರುತ್ತದೆ. ಟ್ಯಾಂಕರ್ ಎಷ್ಟು ಸಲ ಓಡಿತು ಅನ್ನುವುದು ಲಾಗ್ ಪುಸ್ತಕದಲ್ಲಿರುತ್ತದೆ, ಬರೆಯುವವರು ಗಣಿಯವರೇ.

ಇದಕ್ಕಿಂತ ದೊಡ್ಡ ತೊಡಕು ಅಳತೆಗೋಲಿನದ್ದು. 2009ರ ರಾಷ್ಟ್ರೀಯ ಮಾನದಂಡದ ಪ್ರಕಾರ ನಾವು ಉಸಿರಾಡುವ ಗಾಳಿಯಲ್ಲಿ ಪಿಎಂ 10 ಕಣಗಳು (10 ಮೈಕ್ರಾನ್‌ ಅಥವಾ ಅದಕ್ಕಿಂತ ಚಿಕ್ಕ ದೂಳಿನ ಕಣಗಳು) 24 ಗಂಟೆಯ ಸರಾಸರಿಯಲ್ಲಿ ಘನ ಮೀಟರಿಗೆ 100 ಮೈಕ್ರೊಗ್ರಾಂ ದಾಟಬಾರದು. ಆದರೆ ಕಲ್ಲಿದ್ದಲು ಗಣಿಗಳಿಗೆ 2000ನೇ ಇಸವಿಯಲ್ಲಿ ಬೇರೆಯೇ ಮಾನದಂಡ ಬಂದಿದೆ. ಅದರಲ್ಲಿ ಹೊಸ ಗಣಿಗೆ 250, ಹಳೇ ಗಣಿಗೆ 300. ಅಳೆಯುವುದು ದೂಳು ಏಳುವ ಜಾಗದಿಂದ ಗಾಳಿ ಬೀಸುವ ದಿಕ್ಕಿನಲ್ಲಿ 500 ಮೀಟರ್ ದೂರದಲ್ಲಿ. ಗಣಿಯ ಅಂಚಿನಿಂದ 500 ಮೀಟರ್ ಅಂದರೆ ಎಷ್ಟೋ ಕಡೆ ಊರೇ ಶುರುವಾಗಿರುತ್ತದೆ. ಹಾಗಾಗಿ ಗಣಿಯ ಲೆಕ್ಕದಲ್ಲಿ ‘ಮಿತಿಯೊಳಗಿದೆ’ ಅನ್ನುವ ಗಾಳಿಯೇ ಊರಿನ ಲೆಕ್ಕದಲ್ಲಿ ಎರಡೂವರೆ ಪಟ್ಟು ಕೆಟ್ಟಿರಬಹುದು. ಎರಡೂ ವರದಿ ಸುಳ್ಳಲ್ಲ! ಮಾಪನ ಕೇಂದ್ರ ಎಲ್ಲಿ ನಿಲ್ಲಿಸಿದ್ದಾರೆ, ಯಾವ ಮಾನದಂಡಕ್ಕೆ ಹೋಲಿಸಿದ್ದಾರೆ ಅಂತ ನೋಡದೆ ಇಂಥ ವರದಿ ಓದುವುದೇ ವ್ಯರ್ಥ.

ಅಳೆಯುವವರು ಯಾರು ಅನ್ನುವುದೂ ಇದೆ. ಕೋಲ್ ಇಂಡಿಯಾದ ಬಹುಪಾಲು ಗಣಿಗಳ ಯೋಜನೆ, ಪರಿಸರ ವರದಿ, ಆಮೇಲಿನ ಮಾಪನ ಎಲ್ಲದರಲ್ಲೂ ಕೆಲಸ ಮಾಡುವುದು ರಾಂಚಿಯ ಸಿಎಂಪಿಡಿಐ. ಅದು ಕೋಲ್ ಇಂಡಿಯಾದ್ದೇ ಅಂಗಸಂಸ್ಥೆ. ತಾಂತ್ರಿಕವಾಗಿ ಗಟ್ಟಿ ಸಂಸ್ಥೆ, ಅದರಲ್ಲಿ ಅನುಮಾನ ಇಲ್ಲ. ಆದರೂ ಪರೀಕ್ಷೆ ಬರೆದವರ ಮನೆಯಲ್ಲೇ ಉತ್ತರಪತ್ರಿಕೆ ತಿದ್ದಬಾರದು.

ಮಣ್ಣಿನ ಗುಡ್ಡಗಳ ಷರತ್ತು, ನೀರಿನ ಷರತ್ತು ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಅಗೆದ ಮಣ್ಣು ಕಲ್ಲನ್ನು ಮೊದಲು ಹೊರಗೆ ಗುಡ್ಡ ಹಾಕುತ್ತಾರೆ, ಜಾಗ ಸಿಕ್ಕ ಮೇಲೆ ಕಲ್ಲಿದ್ದಲು ಖಾಲಿಯಾದ ಗುಂಡಿಗೆ ತುಂಬುತ್ತಾ ಬರುತ್ತಾರೆ. ಗುಡ್ಡದ ಇಳಿಜಾರು ಇಷ್ಟೇ ಇರಬೇಕು, ಬುಡಕ್ಕೆ ತಡೆಗೋಡೆ ಇರಬೇಕು, ಸುತ್ತ ಕಾಲುವೆ ತೋಡಿ ಮಳೆನೀರನ್ನು ತಿಳಿಗೊಳಿಸುವ ಹೊಂಡಕ್ಕೆ ಬಿಡಬೇಕು. ಮೇಲ್ಮಣ್ಣನ್ನು ಬೇರೆ ಇಡಬೇಕು. ಎಲ್ಲವೂ ಒಳ್ಳೆಯ ಎಂಜಿನಿಯರಿಂಗ್. ಆದರೆ ಅಗೆತದ ವೇಗ ಹೆಚ್ಚಿದಂತೆ ತುಂಬುವ ವೇಗವೂ ಹೆಚ್ಚಬೇಕು, ಹೆಚ್ಚುವುದಿಲ್ಲ. ಕಲ್ಲಿದ್ದಲು ತೆಗೆದರೆ ದುಡ್ಡು ಬರುತ್ತದೆ, ಮಣ್ಣು ತುಂಬಿದರೆ ಖರ್ಚು. ನೀರಿನದ್ದು ಇನ್ನೂ ಸೂಕ್ಷ್ಮ. 2019ರ ಸೆಪ್ಟೆಂಬರ್ ಕೊನೆಯಲ್ಲಿ ಲೀಲಾಗರ್ ನದಿ ಉಕ್ಕಿ ಗೇವ್ರಾದ ಪಕ್ಕದ ದೀಪ್ಕಾ ಗಣಿಗೆ ನುಗ್ಗಿ, ಗಣಿ ನಿಂತುಹೋಗಿತ್ತು. ನದಿ ಪಕ್ಕದಲ್ಲಿ ನದಿಗಿಂತ ಎಷ್ಟೋ ಆಳಕ್ಕೆ ಹೋದರೆ ಅಪಾಯ ಊರಿಗೆ ಮಾತ್ರ ಇರುವುದಿಲ್ಲ, ಗಣಿಗೂ ಇರುತ್ತದೆ.

ಪಕ್ಕದ ಗಣಿ ಅಂದೆನಲ್ಲ, ಅದೂ ಮುಖ್ಯ. ಗೇವ್ರಾ, ದೀಪ್ಕಾ, ಕುಸ್ಮುಂಡಾ ಮೂರೂ ಒಂದೇ ಕಲ್ಲಿದ್ದಲು ಕ್ಷೇತ್ರದಲ್ಲಿವೆ. ಕುಸ್ಮುಂಡಾ ಕೂಡ 2023-24ರಲ್ಲಿ 5 ಕೋಟಿ ಟನ್ ದಾಟಿತು. ಸುತ್ತ ಉಷ್ಣ ವಿದ್ಯುತ್ ಸ್ಥಾವರಗಳು, ಬೂದಿಹೊಂಡಗಳು. 2009ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ ಕೈಗಾರಿಕಾ ಪ್ರದೇಶಗಳಿಗೆ ಮಾಲಿನ್ಯದ ಅಂಕ ಕೊಟ್ಟಾಗ ಕೊರ್ಬಾಕ್ಕೆ 100ಕ್ಕೆ 83 ಬಂದಿತ್ತು. 70 ದಾಟಿದರೆ ‘ತೀವ್ರ ಕಲುಷಿತ’. ನಮ್ಮ ಭದ್ರಾವತಿ, ಮಂಗಳೂರು ಕೂಡ ಆ 43 ಪ್ರದೇಶಗಳ ಪಟ್ಟಿಯಲ್ಲಿದ್ದವು. ಅಂಥ ಕಡೆ ಹೊಸ ಯೋಜನೆ, ವಿಸ್ತರಣೆ ಬೇಡ ಅಂತ 2010ರ ಜನವರಿಯಲ್ಲಿ ತಡೆ ಹಾಕಿದ್ದರು. ಕ್ರಿಯಾಯೋಜನೆ ಸಲ್ಲಿಸಿದ ಮೇಲೆ ತಡೆ ತೆರವಾಯಿತು. ಅಂಕ ಇಡೀ ಪ್ರದೇಶಕ್ಕೆ, ಅನುಮತಿ ಮಾತ್ರ ಒಂದೊಂದು ಗಣಿಗೆ ಬೇರೆ ಬೇರೆ. ಒಟ್ಟು ಹೊರೆಗೆ ಜವಾಬ್ದಾರಿ ಯಾರದ್ದೂ ಅಲ್ಲ.

ಹಾಗಾದರೆ ಯಾವ ಷರತ್ತೂ ಪಾಲನೆ ಆಗುವುದಿಲ್ಲವಾ? ಆಗುತ್ತದೆ. ಒಂದು ಷರತ್ತು ತುಂಬಾ ಚೆನ್ನಾಗಿ ಪಾಲನೆ ಆಗುತ್ತದೆ, ಅದು ಟನ್ನಿನ ಮಿತಿ. 2022-23ರಲ್ಲಿ ಗೇವ್ರಾದ ಉತ್ಪಾದನೆ 5.25 ಕೋಟಿ ಟನ್. ಅನುಮತಿಯಲ್ಲಿದ್ದದ್ದೂ 5.25 ಕೋಟಿ ಟನ್! ಇಷ್ಟು ಕರಾರುವಾಕ್ಕಾಗಿ ಗಿಡ ನೆಟ್ಟ ಗಣಿ ಎಲ್ಲಾದರೂ ಇದ್ದರೆ ಹೇಳಿ. ಮರುವರ್ಷ 5.9 ಕೋಟಿ ಟನ್ ಬಂತು. ವಿಸ್ತರಣೆಯ ಅನುಮತಿ ಸಿಕ್ಕಿದ್ದು ಆ ಆರ್ಥಿಕ ವರ್ಷದ ಕೊನೆಯ ತಿಂಗಳಲ್ಲಿ.

ಈ ಒಂದು ಷರತ್ತಿಗೆ ಇಷ್ಟು ಮರ್ಯಾದೆ ಯಾಕೆ? ಲಾರಿ ತೂಗುವ ವೇಬ್ರಿಜ್ ಇದೆ, ರೈಲ್ವೆ ಲೆಕ್ಕ ಇದೆ, ರಾಯಧನದ ಲೆಕ್ಕ ಇದೆ. ಮುಚ್ಚಿಡಲು ಆಗುವುದಿಲ್ಲ. ಮೇಲಿಂದ 2017ರ ಆಗಸ್ಟ್ 2ರಂದು ಸುಪ್ರೀಂ ಕೋರ್ಟ್ ಒಡಿಶಾದ ಕಬ್ಬಿಣ, ಮ್ಯಾಂಗನೀಸ್ ಗಣಿಗಳ ಪ್ರಕರಣದಲ್ಲಿ ಒಂದು ಬಿಗಿ ತೀರ್ಪು ಕೊಟ್ಟಿತು. ಪರಿಸರ ಅನುಮತಿಯ ಮಿತಿ ಮೀರಿ ತೆಗೆದದ್ದು ಅಕ್ರಮ ಗಣಿಗಾರಿಕೆ, ಆ ಅದಿರಿನ ಪೂರ್ತಿ ಬೆಲೆ ಕಟ್ಟಬೇಕು ಅಂತ. ಅಲ್ಲಿಂದ ಮುಂದೆ ಗಣಿ ಕಂಪನಿಗಳ ಹಣಕಾಸು ವಿಭಾಗವೇ ಈ ಮಿತಿಯನ್ನು ಕಾಯಲು ಶುರು ಮಾಡಿತು ಅಂದರೆ ತಪ್ಪಾಗಲಾರದು.

ಉಳಿದ ಷರತ್ತುಗಳ ಬೆಲೆ ಎಷ್ಟು? ಪರಿಸರ ಸಂರಕ್ಷಣಾ ಕಾಯ್ದೆಯಲ್ಲಿ ಮೊದಲು ಐದು ವರ್ಷದವರೆಗೆ ಜೈಲು ಶಿಕ್ಷೆಯ ಅವಕಾಶ ಇತ್ತು. 2023ರ ಜನ ವಿಶ್ವಾಸ ಕಾಯ್ದೆ ಅದನ್ನು ತೆಗೆದು ದಂಡ ಮಾಡಿತು. 10 ಸಾವಿರದಿಂದ 15 ಲಕ್ಷ ರೂಪಾಯಿವರೆಗೆ. ಕಲ್ಲಿದ್ದಲಿಗೆ ಟನ್ನಿಗೆ ಸಾವಿರ ರೂಪಾಯಿ ಅಂತ ಸುಮ್ನೆ ಇಟ್ಟುಕೊಂಡು ಲೆಕ್ಕ ಹಾಕಿ. 7 ಕೋಟಿ ಟನ್ನಿನ ಗಣಿಗೆ 15 ಲಕ್ಷ ಅಂದರೆ ಹನ್ನೊಂದು ಹನ್ನೆರಡು ನಿಮಿಷದ ಕಲ್ಲಿದ್ದಲು. ಜೈಲಿಗೂ ಹೆಚ್ಚೇನೂ ಯಾರೂ ಹೋಗಿರಲಿಲ್ಲ, ಅದು ನಿಜ. ಆದರೂ ದಂಡದ ಗರಿಷ್ಠ ಮೊತ್ತ ಯೋಜನೆಯ ಗಾತ್ರಕ್ಕೆ ತಕ್ಕ ಹಾಗೆ ಏರದಿದ್ದರೆ ದೊಡ್ಡ ಗಣಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ.

ಮೇಲ್ವಿಚಾರಣೆ ನಡೆಯುವುದು ಹೀಗೆ: ಗಣಿಯವರು ವರ್ಷಕ್ಕೆ ಎರಡು ಸಲ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ, ಷರತ್ತು ಪಾಲನಾ ವರದಿ ಕೊಡಬೇಕು. ಸಚಿವಾಲಯದ ಪ್ರಾದೇಶಿಕ ಕಚೇರಿಯವರು ಆಗಾಗ ಬಂದು ನೋಡಬೇಕು. ವಿಸ್ತರಣೆ ಬೇಕಾದಾಗ ಆ ಕಚೇರಿಯ ಪ್ರಮಾಣಿತ ವರದಿ ಲಗತ್ತಿಸಬೇಕು. 2016ರಲ್ಲಿ ಸಿಎಜಿ ಈ ಇಡೀ ವ್ಯವಸ್ಥೆಯನ್ನು ಪರಿಶೀಲಿಸಿತು. ಪ್ರಾದೇಶಿಕ ಕಚೇರಿಗಳಲ್ಲಿ ವಿಜ್ಞಾನಿಗಳ ಕೊರತೆ ಇದೆ, ತಪ್ಪು ಕಂಡರೂ ಕ್ರಮ ಕೈಗೊಳ್ಳುವ ಅಧಿಕಾರ ಅವಕ್ಕಿಲ್ಲ, ದಿಲ್ಲಿಗೆ ಬರೆದು ಕಾಯಬೇಕು ಅಂತ ಹೇಳಿತು. ವರದಿಗಳನ್ನು ಓದಿದರೆ ನಿಮಗೇ ಗೊತ್ತಾಗುತ್ತದೆ. ಒಂದು ಕಡೆ ಷರತ್ತು, ಇನ್ನೊಂದು ಕಡೆ ‘ಪಾಲಿಸಲಾಗುತ್ತಿದೆ’. ಆರು ತಿಂಗಳ ನಂತರ ಅದೇ ಸಾಲು, ದಿನಾಂಕ ಮಾತ್ರ ಹೊಸದು.

ಇದಕ್ಕೆ ಬೇರೆ ದಾರಿಯೇ ಇಲ್ಲ ಅನ್ನುವಂತಿಲ್ಲ. ನಮ್ಮ ಬಳ್ಳಾರಿಯಲ್ಲೇ ಒಂದು ಉದಾಹರಣೆ ಇದೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅಲ್ಲಿನ ಕಬ್ಬಿಣದ ಗಣಿಗಳನ್ನು ನಿಲ್ಲಿಸಿತು, ಮರುತಿಂಗಳು ಚಿತ್ರದುರ್ಗ, ತುಮಕೂರಿನದ್ದನ್ನೂ. ಮತ್ತೆ ತೆರೆಯುವಾಗ ಪ್ರತಿ ಗಣಿಗೂ ಸುಧಾರಣೆ ಮತ್ತು ಪುನರ್ವಸತಿ ಯೋಜನೆ ಬೇಕು ಅಂತ ಆಯಿತು. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಮಂಡಳಿ ಆ ಯೋಜನೆಗಳನ್ನು ಮಾಡಿತು. ಒಂದು ಗಣಿ ವರ್ಷಕ್ಕೆ ಎಷ್ಟು ತೆಗೆಯಬಹುದು ಅನ್ನುವುದನ್ನು ಮೂರು ವಿಷಯ ನೋಡಿ ನಿಗದಿ ಮಾಡಿದರು. ನೆಲದಲ್ಲಿ ಉಳಿದ ಅದಿರು ಎಷ್ಟು, ತ್ಯಾಜ್ಯ ಹಾಕಲು ಜಾಗ ಎಷ್ಟು, ಅದಿರು ಸಾಗಿಸುವ ರಸ್ತೆ ಎಷ್ಟು ತಾಳುತ್ತದೆ. ಈ ಮೂರರಲ್ಲಿ ಯಾವುದು ಕಡಿಮೆಯೋ ಅದೇ ಮಿತಿ. ಅದರ ಮೇಲೆ ಇಡೀ ಜಿಲ್ಲೆಗೇ ಒಂದು ಮೇಲ್ಮಿತಿ ಬಂತು. ಮೊದಲು ಬಳ್ಳಾರಿಗೆ ವರ್ಷಕ್ಕೆ 2.5 ಕೋಟಿ ಟನ್, ಚಿತ್ರದುರ್ಗ ತುಮಕೂರು ಎರಡಕ್ಕೂ ಸೇರಿ 50 ಲಕ್ಷ ಟನ್.

ಬಳ್ಳಾರಿಯ ಕಥೆ ಪೂರ್ತಿ ಚಂದ ಅಂತ ನಾನು ಹೇಳುವುದಿಲ್ಲ. ಆ ಸ್ಥಿತಿಗೆ ಬರುವ ಮುಂಚೆ ಎಷ್ಟು ಕಾಡು, ಎಷ್ಟು ಹೊಲ ಹಾಳಾಯಿತು ಅಂತ ಸಂಡೂರಿನವರನ್ನು ಕೇಳಬೇಕು. ಮೇಲ್ಮಿತಿಯೂ ಹಾಗೇ ನಿಲ್ಲಲಿಲ್ಲ, 2022ರ ಆಗಸ್ಟಿಗೆ ಬಳ್ಳಾರಿಯದ್ದು 3.5 ಕೋಟಿ, ಉಳಿದೆರಡು ಜಿಲ್ಲೆಯದ್ದು 1.5 ಕೋಟಿ ಟನ್ ಆಯಿತು. ಆದರೆ ಲೆಕ್ಕ ಹಾಕಿದ ಕ್ರಮ ನೋಡಿ. ಅಲ್ಲಿ ಅಂಕಿ ಹುಟ್ಟಿದ್ದು ನೆಲದಿಂದ, ರಸ್ತೆಯಿಂದ. ಗೇವ್ರಾದಲ್ಲಿ ಅಂಕಿ ಹುಟ್ಟಿದ್ದು ವಿದ್ಯುತ್ ಬೇಡಿಕೆಯಿಂದ ಮತ್ತು ‘ಇಷ್ಟರವರೆಗೆ ಸಭೆ ಬೇಡ’ ಅನ್ನುವ ಶೇಕಡಾವಾರಿನಿಂದ. ಷರತ್ತುಗಳು ಆಮೇಲೆ ಬಂದು ಅಂಟಿಕೊಂಡವು. ಇದೇ ನನಗೆ ಕಾಣುವ ಮೂಲ ದೋಷ.

ಕಲ್ಲಿದ್ದಲು ಬೇಡ ಅನ್ನುವ ವಾದ ಇಲ್ಲಿ ಮಾಡುತ್ತಿಲ್ಲ. 2024-25ರಲ್ಲಿ ದೇಶದ ಉತ್ಪಾದನೆ 100 ಕೋಟಿ ಟನ್ ದಾಟಿದೆ. ರಾಯಚೂರಿನ ಶಕ್ತಿನಗರದ 1,720 ಮೆಗಾವಾಟ್ ಸ್ಥಾವರ, ಬಳ್ಳಾರಿ ಕುಡತಿನಿಯ 1,700 ಮೆಗಾವಾಟ್, ಯರಮರಸಿನ 1,600 ಮೆಗಾವಾಟ್, ಮೂರೂ ಉರಿಯುವುದು ಹೊರಗಿನ ಕಲ್ಲಿದ್ದಲಿನಿಂದಲೇ. ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿ ಇಲ್ಲ. ಹಾಗಂತ ನಮಗೂ ಇದಕ್ಕೂ ಸಂಬಂಧ ಇಲ್ಲ ಅನ್ನುವ ಹಾಗೂ ಇಲ್ಲ. ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಭದ್ರಾವತಿ ತಾಲ್ಲೂಕಿನಲ್ಲಿ (ನಮ್ಮ ಭದ್ರಾವತಿ ಅಲ್ಲ) ಬರಾಂಜ್ ಅನ್ನುವ ಓಪನ್‌ಕಾಸ್ಟ್ ಗಣಿ ಇದೆ. ಅದು ಕರ್ನಾಟಕ ವಿದ್ಯುತ್ ನಿಗಮದ್ದು. 2014ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಇನ್ನೂರಕ್ಕೂ ಹೆಚ್ಚು ಕಲ್ಲಿದ್ದಲು ಹಂಚಿಕೆಗಳನ್ನು ರದ್ದು ಮಾಡಿದಾಗ ಇದೂ ಹೋಗಿತ್ತು. ಮರುವರ್ಷ ನಿಗಮಕ್ಕೇ ಮತ್ತೆ ಸಿಕ್ಕಿತು. ಕೆಲ ವರ್ಷ ನಿಂತಿದ್ದು ಆಮೇಲೆ ಶುರುವಾಯಿತು. ಸಾಮರ್ಥ್ಯ ವರ್ಷಕ್ಕೆ 25 ಲಕ್ಷ ಟನ್, ಗೇವ್ರಾದ ಮುಂದೆ ಪುಟ್ಟ ಗಣಿ. ಬರಾಂಜ್ ಊರಿನವರ ಪುನರ್ವಸತಿಯ ತಗಾದೆ ಮಾತ್ರ ಪುಟ್ಟದಲ್ಲ, ವರ್ಷಗಳಿಂದ ಎಳೆದುಕೊಂಡು ಬಂದಿದೆ.

ಗೇವ್ರಾದ ವಿಷಯದಲ್ಲಿ ಕರ್ನಾಟಕದವರ ಕೈಯಲ್ಲಿ ಹೆಚ್ಚೇನೂ ಇಲ್ಲ. ಬರಾಂಜ್ ವಿಷಯದಲ್ಲಿ ಇದೆ. ಅನುಮತಿ ಪತ್ರಗಳು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಸಿಗುತ್ತವೆ. ನಿಗಮ ನಮ್ಮ ಸರ್ಕಾರದ್ದು, ಮಾಹಿತಿ ಹಕ್ಕಿನಲ್ಲಿ ಕೇಳಬಹುದು, ವಿಧಾನಸಭೆಯಲ್ಲಿ ಶಾಸಕರೂ ಕೇಳಬಹುದು. ‘ಷರತ್ತು ಪಾಲಿಸಿದ್ದೀರಾ’ ಅಂತ ಕೇಳಿದರೆ ‘ಹೌದು’ ಅಂತ ಬರುತ್ತದೆ. ದೂಳಿನ ಮಾಪನ ಕೇಂದ್ರ ಊರಿನಿಂದ ಎಷ್ಟು ಮೀಟರ್ ದೂರ ಇದೆ, ಹೋದ ವರ್ಷ ಎಷ್ಟು ಘನ ಮೀಟರ್ ಮಣ್ಣು ಅಗೆದು ಎಷ್ಟು ಗುಂಡಿಗೆ ವಾಪಸು ತುಂಬಿದಿರಿ, ಗಣಿ ಮುಚ್ಚುವ ಕೆಲಸಕ್ಕೆ ಅಂತಲೇ ಬೇರೆ ಇಡುವ ಎಸ್ಕ್ರೊ ಖಾತೆಯಲ್ಲಿ ಈಗ ಎಷ್ಟು ಹಣ ಇದೆ ಅಂತ ಕೇಳಬೇಕು. ಇವಕ್ಕೆ ಉತ್ತರ ಅಂಕಿಯಲ್ಲೇ ಕೊಡಬೇಕಾಗುತ್ತದೆ.